ಬಾಡಿಗೆ ಮಂಚದಿಂದ ಮಾತ್ರೆ ಡಬ್ಬಿವರೆಗೆ: ಮಿದುಳು ಗಡ್ಡೆಯ ರೋಗಿ ಮನೆಗೆ ಬಂದಾಗ ಸರ್ಜಿಕಲ್ ಅಂಗಡಿಯಲ್ಲಿ ಏನು ತಗೋಬೇಕು, ಏನು ಬಿಡಬೇಕು

ಮಿದುಳು ಗಡ್ಡೆಯ ಆಪರೇಷನ್ ಮುಗಿದು ಡಿಸ್ಚಾರ್ಜ್ ಚೀಟಿ ಕೈಗೆ ಬಂದ ದಿನವೇ ಮನೆಯವರು ಸರ್ಜಿಕಲ್ ಅಂಗಡಿ ಹುಡುಕಿಕೊಂಡು ಹೊರಡುತ್ತಾರೆ. ಬೆಳಗಾವಿಯಲ್ಲಿ ಅದು ಕಷ್ಟವಲ್ಲ. ನೆಹರೂ ನಗರದ ಕೆಎಲ್‌ಇ ಆಸ್ಪತ್ರೆಯ ಕಡೆಗೋ, ಅಂಬೇಡ್ಕರ್ ರಸ್ತೆಯ ಸಿವಿಲ್ ಆಸ್ಪತ್ರೆಯ ಕಡೆಗೋ ನಡೆದರೆ ಮಂಚ, ಗಾಲಿಕುರ್ಚಿ ಬಾಡಿಗೆಗೆ ಕೊಡುವವರು ಸಿಗುತ್ತಾರೆ. ಅಂಗಡಿಯವರು ಕೇಳುವುದು ಒಂದೇ: "ಪೇಶಂಟ್ ನಡೀತಾರೇನ್ರಿ?" ಇಲ್ಲ ಎಂದರೆ ಮಂಚ, ಗಾಳಿ ಹಾಸಿಗೆ, ಗಾಲಿಕುರ್ಚಿ, ವಾಕರ್, ಕಮೋಡ್ ಕುರ್ಚಿ ಎಲ್ಲ ಸೇರಿಸಿ ಒಂದು ಸೆಟ್ ಗಾಡಿಗೆ ಏರಿಸಿಬಿಡುತ್ತಾರೆ. ತಿಂಗಳೊಳಗೆ ಅದರಲ್ಲಿ ಅರ್ಧ ಸಾಮಾನು ಕಟ್ಟೆಯ ಮೇಲೆ ಧೂಳು ತಿನ್ನುತ್ತಿರುತ್ತದೆ, ಬಾಡಿಗೆ ಮಾತ್ರ ಓಡುತ್ತಿರುತ್ತದೆ.

ಅಂಗಡಿಯವರಿಗೆ ಸೊಂಟ ಮುರಿದವರ ಲೆಕ್ಕ ಗೊತ್ತು, ಲಕ್ವಾ ಹೊಡೆದವರ ಲೆಕ್ಕ ಗೊತ್ತು. ಮಿದುಳು ಗಡ್ಡೆಯ ರೋಗಿಯ ಲೆಕ್ಕ ಬೇರೆ. ಲಕ್ವಾ ಒಮ್ಮೆ ಹೊಡೆದು ಆಮೇಲೆ ನಿಧಾನಕ್ಕೆ ಸುಧಾರಿಸುತ್ತದೆ. ಇಲ್ಲಿ ಹಾಗಲ್ಲ. ಆಪರೇಷನ್ ಆದ ವಾರ ಎದ್ದು ಓಡಾಡಿದವರು ರೇಡಿಯೇಷನ್ನಿನ ನಾಲ್ಕನೇ, ಐದನೇ ವಾರಕ್ಕೆ ಕುರ್ಚಿಯಿಂದ ಏಳಲಾರದಷ್ಟು ದಣಿಯಬಹುದು. ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಮಾತ್ರೆಯೇ ವಾರಗಟ್ಟಲೆ ಮುಂದುವರಿದರೆ ತೊಡೆಯ ಸ್ನಾಯು ಸೊರಗಿಸುತ್ತದೆ. ಹಾಗಾಗಿ ಅಗತ್ಯ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮೊದಲ ದಿನವೇ ಎಲ್ಲವನ್ನೂ ಕೊಳ್ಳುವುದು ಬೇಡ. ಬಾಡಿಗೆಗೆ ತನ್ನಿ, ಒಂದೊಂದಾಗಿ ತನ್ನಿ.

ಇನ್ನು ಮುಂದೆ ಬರುವ ಪ್ರತಿ ಸಾಮಾನನ್ನೂ ಒಂದೇ ಪರೀಕ್ಷೆಗೆ ಒಡ್ಡಿದ್ದೇವೆ. ರಾತ್ರಿ ಎರಡು ಗಂಟೆಗೆ, ಮಕ್ಕಳು ಊರಲ್ಲಿಲ್ಲದಾಗ, ಹೆಂಡತಿಯೋ ಗಂಡನೋ ಒಬ್ಬರೇ ನಿದ್ದೆಗಣ್ಣಲ್ಲಿ ಎದ್ದು ಇದನ್ನು ಬಳಸಬಹುದೇ? ಇಬ್ಬರು ಬೇಕೇಬೇಕು ಎನ್ನುವ ಸಾಮಾನು ಎಷ್ಟೇ ಚಲೋ ಇದ್ದರೂ ಮನೆಗೆ ಉಪಯೋಗವಿಲ್ಲ. ಆರೈಕೆ ಮಾಡುವವರ ನಡು ಹಿಡಿದುಕೊಂಡರೆ ಆ ಮನೆಯಲ್ಲಿ ರೋಗಿಗಳು ಇಬ್ಬರಾಗುತ್ತಾರೆ.

ಮೊದಲು ಮಂಚ. ತಲೆಕಡೆ ಮಾತ್ರ ಏಳುವುದು ಸೆಮಿ ಫೌಲರ್, ತಲೆ ಮತ್ತು ಮೊಣಕಾಲು ಎರಡೂ ಏಳುವುದು ಫುಲ್ ಫೌಲರ್. ಬಾಡಿಗೆಯಲ್ಲಿ ಸ್ವಲ್ಪ ಫರಕು ಬಿದ್ದರೂ ಎರಡನೆಯದನ್ನೇ ಕೇಳಿ. ತಲೆಕಡೆ ಮಾತ್ರ ಎತ್ತಿದರೆ ರೋಗಿ ಜಾರಿ ಜಾರಿ ಕಾಲಕಡೆ ಬರುತ್ತಾರೆ. ದಿನಕ್ಕೆ ಹತ್ತು ಸಲ ಕಂಕುಳಿಗೆ ಕೈ ಹಾಕಿ ಮೇಲೆ ಎಳೆಯಬೇಕಾಗುತ್ತದೆ. ಆ ಎಳೆತಕ್ಕೆ ಬೆನ್ನಿನ ಕೆಳಭಾಗದ ತೊಗಲು ಉಜ್ಜಿ ಹುಣ್ಣಾಗುತ್ತದೆ, ಸೋತ ಕೈಯ ಭುಜದ ಕೀಲು ಸಡಿಲಾಗುತ್ತದೆ. ಮೊದಲು ಮೊಣಕಾಲಿನ ಹ್ಯಾಂಡಲ್ ನಾಲ್ಕು ಸುತ್ತು ತಿರುಗಿಸಿ ಆಮೇಲೆ ತಲೆ ಎತ್ತಿದರೆ ಜಾರುವುದಿಲ್ಲ. ಅಂಗಡಿಯಲ್ಲೇ ಎರಡೂ ಹ್ಯಾಂಡಲ್ ಕೊನೆತನಕ ತಿರುಗಿಸಿ ನೋಡಿ. ಹಳೆಯ ಬಾಡಿಗೆ ಮಂಚದಲ್ಲಿ ಸ್ಕ್ರೂ ತುಕ್ಕು ಹಿಡಿದು ಅರ್ಧಕ್ಕೆ ನಿಲ್ಲುತ್ತದೆ, ಬೆಳಗಾವಿಯ ಮಳೆಗಾಲ ಅದಕ್ಕೆ ಇನ್ನಷ್ಟು ಒತ್ತಾಸೆ.

ಮಂಚದಲ್ಲಿ ಯಾರೂ ಅಳೆಯದ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಎತ್ತರ. ಮಂಚದ ತಗಡಿನ ಎತ್ತರಕ್ಕೆ ನಾಲ್ಕು ಇಂಚಿನ ಫೋಮ್ ಗಾದಿ, ಅದರ ಮೇಲೆ ಗಾಳಿ ಹಾಸಿಗೆ ಸೇರಿದರೆ ರೋಗಿ ಅಂಚಿಗೆ ಕೂತಾಗ ಪಾದ ನೆಲಕ್ಕೆ ಮುಟ್ಟುವುದಿಲ್ಲ. ಕಾಲು ಜೋತುಬಿದ್ದ ಮನುಷ್ಯ ಮುಂದಕ್ಕೆ ಜಾರಿ ಬೀಳುತ್ತಾನೆ. ಅಂಗಡಿಗೆ ಹೋಗುವ ಮುಂಚೆ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ನೆಲದಿಂದ ಮೊಣಕಾಲ ಹಿಂದಿನ ಮಡಿಕೆವರೆಗೆ ಟೇಪು ಹಿಡಿಯಿರಿ. ಗಾದಿಗಳೆಲ್ಲ ಸೇರಿದ ಎತ್ತರ ಅದಕ್ಕಿಂತ ಎರಡು ಮೂರು ಇಂಚು ಮೇಲಿರಲಿ, ಅಷ್ಟು ಸಾಕು. ಅದಕ್ಕಿಂತ ತಗ್ಗಾದರೆ ತೊಡೆ ಸೊರಗಿದವರಿಗೆ ಏಳಲಾಗದು. ಮಂಚ ಎತ್ತರವೇ ಬಂತೆಂದರೆ ಗಾಲಿ ಬಿಚ್ಚಿಸಿ ರಬ್ಬರ್ ಬುಡ ಹಾಕಿಸಿ. ಮನೆಯಲ್ಲಿ ಮಂಚ ಉರುಳಿಸುವ ಕೆಲಸವೇನಿಲ್ಲ.

ಮಂಚದ ಬದಿಗೆ ಹಾಕುವ ಕಟಕಟೆಯ ವಿಷಯದಲ್ಲಿ ಅಂಗಡಿಯವರ ಮಾತನ್ನು ಪೂರ್ತಿ ಕೇಳಬೇಡಿ. ಉದ್ದಕ್ಕೂ ಇರುವ ಎತ್ತರದ ಕಟಕಟೆ ನಿಶ್ಶಕ್ತ ರೋಗಿಗೆ ಸರಿ. ಆದರೆ ಮಿದುಳಿನ ಮುಂಭಾಗದಲ್ಲಿ ಗಡ್ಡೆ ಇದ್ದವರಿಗೆ ರಾತ್ರಿ ದಿಕ್ಕುತಪ್ಪಿದಂತಾಗಿ, ಕಟಕಟೆ ಹತ್ತಿ ದಾಟಲು ನೋಡುತ್ತಾರೆ. ಆಗ ಬೀಳುವುದು ಹಾಸಿಗೆಯ ಎತ್ತರದಿಂದಲ್ಲ, ಕಟಕಟೆಯ ಎತ್ತರದಿಂದ. ಅಂಥವರಿಗೆ ಅರ್ಧ ಉದ್ದದ ಕಟಕಟೆ, ಮಂಚದ ಬುಡಕ್ಕೊಂದು ಹಳೆಯ ಗಾದಿ, ಒಂದು ಸಣ್ಣ ದೀಪ ಇದ್ದರೆ ಹೆಚ್ಚು ಕ್ಷೇಮ. ಸೋತ ಬದಿಯನ್ನು ಗೋಡೆಗೆ ಮಾಡಿ, ಇಳಿಯುವುದು ಗಟ್ಟಿ ಬದಿಯಿಂದ. ಸೋತ ಕೈ ಗೋಡೆಗೂ ಕಟಕಟೆಗೂ ನಡುವೆ ಸಿಕ್ಕಿಕೊಂಡರೂ ಅವರಿಗೆ ಗೊತ್ತಾಗದಿರಬಹುದು, ಅಲ್ಲೊಂದು ದಿಂಬು ಇರಲಿ.

ಗಾಳಿ ಹಾಸಿಗೆ ಎಲ್ಲರಿಗೂ ಬೇಡ. ತಾವೇ ಮಗ್ಗುಲು ಬದಲಿಸುವವರಿಗೆ ಅದು ತೊಂದರೆಯೇ, ಮೆತ್ತಗಿನ ಹಾಸಿಗೆಯಲ್ಲಿ ಹೊರಳಲು ಇನ್ನಷ್ಟು ಬಲ ಬೇಕು. ಹೊರಳಲಾರದವರಿಗೆ ಮಾತ್ರ ತನ್ನಿ, ಅವರಿಗೆ ತಡಮಾಡದೆ ತನ್ನಿ. ಸ್ಟಿರಾಯ್ಡ್ ತಿಂದ ತೊಗಲು ತೆಳ್ಳಗಾಗಿರುತ್ತದೆ, ಹುಣ್ಣು ಲಗೂನೆ ಬೀಳುತ್ತದೆ, ಮಾಯಲು ತಡವಾಗುತ್ತದೆ.

ಗುಳ್ಳೆ ಗುಳ್ಳೆಯಾಗಿರುವುದು ಅಗ್ಗ, ಅಡ್ಡ ಕೊಳವೆಗಳಿರುವುದು ತುಟ್ಟಿ. ತೂಕದವರಿಗೆ ಗುಳ್ಳೆಯದು ಸಾಲದು. ಹಾಸುವ ಕ್ರಮ ಹೀಗೆ: ಅಡಿಗೆ ಫೋಮ್ ಗಾದಿ, ಅದರ ಮೇಲೆ ಗುಳ್ಳೆ ಮೇಲ್ಮುಖವಾಗಿ ಗಾಳಿ ಹಾಸಿಗೆ, ಕೊಳವೆ ಕಾಲಕಡೆ, ಪಂಪು ಮಂಚದ ಕಾಲತುದಿಗೆ ನೇತುಹಾಕುವುದು, ಮೇಲೆ ಒಂದೇ ಒಂದು ತೆಳ್ಳಗಿನ ಹತ್ತಿ ಚಾದರ. ಪಂಪು ಹಚ್ಚಿ ಅರ್ಧ ತಾಸು ಬಿಟ್ಟು ರೋಗಿಯನ್ನು ಮಲಗಿಸಿ. ಆಮೇಲೆ ಅಂಗೈ ಮೇಲ್ಮುಖ ಮಾಡಿ ಗಾಳಿ ಹಾಸಿಗೆಗೂ ಫೋಮ್ ಗಾದಿಗೂ ನಡುವೆ, ರೋಗಿಯ ಟೊಂಕದ ಎಲುಬಿನ ನೇರಕ್ಕೆ ತೂರಿಸಿ. ಬೆರಳಿಗೂ ಎಲುಬಿಗೂ ನಡುವೆ ಒಂದು ಇಂಚು ಗಾಳಿಯ ಮೆತ್ತೆ ಇರಬೇಕು. ಎಲುಬು ಬೆರಳಿಗೆ ತಾಗಿತೆಂದರೆ ಹಾಸಿಗೆ ಕೆಲಸ ಮಾಡುತ್ತಿಲ್ಲ. ಪಂಪಿನ ಗುಂಡಿಯನ್ನು ತೂಕಕ್ಕೆ ತಕ್ಕಂತೆ ಏರಿಸಿ. ತಲೆಕಡೆ 30 ಡಿಗ್ರಿಗಿಂತ ಮೇಲೆ ಎತ್ತಿ ತಾಸುಗಟ್ಟಲೆ ಬಿಟ್ಟರೂ ಭಾರವೆಲ್ಲ ಟೊಂಕದ ಮೇಲೆ ಬಿದ್ದು ಹೀಗೇ ಆಗುತ್ತದೆ.

ನಮ್ಮ ಕಡೆ ಈ ಹಾಸಿಗೆ ಕೆಡುವುದು ಎರಡು ಕಾರಣಕ್ಕೆ. ಒಂದು ಕೌದಿ. ಅಜ್ಜಿ ಹೊಲೆದ ದಪ್ಪ ಕೌದಿ ಹಾಸಿದರೆ ಬೆಚ್ಚಗಿರುತ್ತದೆ ಎಂದು ಪ್ರೀತಿಯಿಂದಲೇ ಹಾಸುತ್ತಾರೆ. ಕೌದಿಯ ಹೊಲಿಗೆ ಸಾಲು ತೊಗಲಿಗೆ ಒತ್ತುತ್ತದೆ, ಅದರ ದಪ್ಪಕ್ಕೆ ಕೆಳಗಿನ ಗಾಳಿಯ ಏರಿಳಿತ ಮೈಗೆ ತಲುಪುವುದೇ ಇಲ್ಲ. ಕೌದಿ ಹೊದೆಸಿ, ಹಾಸಬೇಡಿ. ಪ್ಲಾಸ್ಟಿಕ್ ಹಾಳೆಯೂ ಬೇಡ, ವಿಜಯಪುರ, ಬಾಗಲಕೋಟೆಯ ಬ್ಯಾಸಗಿಯಲ್ಲಿ ಬೆವರು ನಿಂತು ತೊಗಲು ಮೆತ್ತಗಾಗುತ್ತದೆ. ಎರಡನೆಯದು ಕರೆಂಟು. ಪಂಪು 24 ತಾಸೂ ಓಡಬೇಕು. ಕರೆಂಟು ಹೋದಾಗ ಎರಡೂ ಕೊಳವೆ ಮಡಚಿ ರಬ್ಬರ್ ಬ್ಯಾಂಡ್ ಬಿಗಿದರೆ ಗಾಳಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಪಂಪು ಎಳೆಯುವ ಕರೆಂಟು ಒಂದು ಸಣ್ಣ ಬಲ್ಬಿನಷ್ಟೇ, ಮನೆಯ ಇನ್ವರ್ಟರಿನ ಪ್ಲಗ್ಗಿಗೆ ಹಚ್ಚಿಬಿಡಿ. ಪಂಕ್ಚರ್ ತೇಪೆ ಮತ್ತು ಅಂಟು ಡಬ್ಬಿಯೊಳಗೆ ಇದೆಯೇ ಎಂದು ಅಂಗಡಿಯಲ್ಲೇ ನೋಡಿ. ಗಾಳಿ ಹಾಸಿಗೆ ಇದೆ ಎಂದು ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ. ಎಷ್ಟು ತಾಸಿಗೊಮ್ಮೆ ಎಂದು ನರ್ಸಮ್ಮನವರನ್ನು ಕೇಳಿ ಗೋಡೆಗೆ ಬರೆದು ಹಚ್ಚಿ.

ಗಾಲಿಕುರ್ಚಿಯಲ್ಲಿ ಎಲ್ಲರೂ ನೋಡುವುದು ಬಣ್ಣ ಮತ್ತು ಗಾಲಿ. ನೋಡಬೇಕಾದ್ದು ಕೈಯಿಡುವ ದಾಂಡು ಕಳಚಿ ಬರುತ್ತದೆಯೇ, ಕಾಲಿಡುವ ತಟ್ಟೆ ಬದಿಗೆ ಸರಿಯುತ್ತದೆಯೇ ಎಂಬುದು. ಇವೆರಡೂ ಇಲ್ಲದ ಅಗ್ಗದ ಕುರ್ಚಿ ನಮ್ಮ ಪರೀಕ್ಷೆಯಲ್ಲಿ ನಪಾಸು. ಕಾಲಿಡುವ ತಟ್ಟೆ ಅಡ್ಡ ಇದ್ದರೆ ಏಳುವಾಗ ಅದಕ್ಕೇ ಕಾಲು ಸಿಕ್ಕಿ ಬೀಳುವುದು. ರೋಗಿ ಕೂತಾಗ ಎರಡೂ ತೊಡೆಯ ಬದಿಗೆ ನಿಮ್ಮ ಅಂಗೈ ನೆಟ್ಟಗೆ ತೂರುವಷ್ಟು ಜಾಗ ಸಾಕು. ಅದಕ್ಕಿಂತ ಅಗಲವಾದರೆ ಸೋತ ಬದಿಗೆ ವಾಲುತ್ತಾರೆ. ಸಾಮಾನ್ಯವಾಗಿ ಸಿಗುವುದು 18 ಇಂಚಿನ ಸೀಟು; ಗಾಲಿ, ಅದನ್ನು ಕೈಯಿಂದ ತಿರುಗಿಸುವ ಬಳೆ (ಹ್ಯಾಂಡ್‌ರಿಮ್) ಸೇರಿ ಹೊರಗಿನ ಅಗಲ ಇನ್ನೂ ಆರೇಳು ಇಂಚು ಹೆಚ್ಚು. ಹಳೆಯ ವಾಡೆ ಮನೆಗಳ ನಡುಮನೆ ಬಾಗಿಲು, ಅದಕ್ಕಿಂತ ಕಿರಿದಾದ ಬಚ್ಚಲ ಬಾಗಿಲು ಎರಡನ್ನೂ ಅಳೆದು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ. ಬಾಗಿಲು ದಾಟದ ಕುರ್ಚಿ ತಂದು ವಾಪಸ್ ಒಯ್ಯುವುದು ಬಹಳ ಮನೆಗಳಲ್ಲಿ ನಡೆಯುವ ಕತೆ.

ಮಡಚುವ ಕುರ್ಚಿಯ ರೆಕ್ಸಿನ್ ಸೀಟು ತಿಂಗಳಲ್ಲಿ ಜೋಳಿಗೆಯಾಗುತ್ತದೆ, ಟೊಂಕ ಓರೆಯಾಗುತ್ತದೆ. ಸೀಟಿನ ಅಳತೆಗೆ ಪ್ಲೈವುಡ್ ಹಲಗೆ ಕೊಯ್ಸಿ, ಮೇಲೆ ಎರಡು ಇಂಚಿನ ಗಟ್ಟಿ ಫೋಮ್ ಅಂಟಿಸಿ. ಗಾಳಿ ತುಂಬುವ ಟೈರಾದರೆ ವಾರಕ್ಕೊಮ್ಮೆ ಹೆಬ್ಬೆರಳಿಂದ ಒತ್ತಿ ನೋಡಿ. ಟೈರು ಮೆತ್ತಗಾದರೆ ಬ್ರೇಕು ಹಿಡಿಯುವುದೇ ಇಲ್ಲ, ಹಾಕಿದಂತೆ ಮಾತ್ರ ಕಾಣುತ್ತದೆ. ಗಡ್ಡೆ ಮಿದುಳಿನ ಬಲಭಾಗದಲ್ಲಿದ್ದರೆ ಕೆಲವರಿಗೆ ತಮ್ಮ ಎಡಬದಿ ಇದೆಯೆಂಬುದೇ ಮರೆತುಹೋಗುತ್ತದೆ. ಕಣ್ಣಿನ ದೋಷವಲ್ಲ ಅದು, ಲಕ್ಷ್ಯದ ದೋಷ. ಅವರು ಎಡಗಡೆಯ ಬ್ರೇಕು ಹಾಕದೆ ಎದ್ದುಬಿಡುತ್ತಾರೆ. ಎಡ ಬ್ರೇಕಿನ ಹಿಡಿಕೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ಅಡಿ ಪೈಪು ಸೇರಿಸಿ ಕೆಂಪು ಟೇಪು ಸುತ್ತಿ. ಖರ್ಚು ಕಡಿಮೆ, ಲಾಭ ದೊಡ್ಡದು.

ಹೊಸ್ತಿಲು ಇಳಿಸುವಾಗ ಕುರ್ಚಿಯ ಬೆನ್ನು ಮುಂದೆ ಮಾಡಿ, ದೊಡ್ಡ ಗಾಲಿ ಮೊದಲು ಇಳಿಸಿ. ಮುಖ ಮುಂದೆ ಮಾಡಿ ಇಳಿಸಿದರೆ ರೋಗಿ ಮುಗ್ಗರಿಸುತ್ತಾರೆ.

ಗಾಲಿಕುರ್ಚಿಗಿಂತ ಮೊದಲು ಕೊಳ್ಳಬೇಕಾದ ಸಾಮಾನೊಂದಿದೆ, ಅಂಗಡಿಯವರು ತಾವಾಗಿ ತೋರಿಸುವುದೇ ಅಪರೂಪ: ಹಿಡಿಕೆಗಳಿರುವ ಸೊಂಟದ ಪಟ್ಟಿ, ಟ್ರಾನ್ಸ್‌ಫರ್ ಬೆಲ್ಟ್. ಈ ಇಡೀ ಪಟ್ಟಿಯಲ್ಲಿ ನಾವು ಪೂರ್ತಿ ಅಂಕ ಕೊಡುವುದು ಇದೊಂದಕ್ಕೇ. ಟೊಂಕದ ಮೇಲೆ, ಅಂಗಿಯ ಹೊರಗೆ, ಬೆರಳು ಚಪ್ಪಟೆಯಾಗಿ ತೂರುವಷ್ಟೇ ಜಾಗ ಬಿಟ್ಟು ಬಿಗಿಯಾಗಿ ಕಟ್ಟಬೇಕು. ಹೊಟ್ಟೆಗೆ ನಳಿಕೆ ಹಾಕಿದ್ದರೆ ಡಾಕ್ಟರನ್ನು ಕೇಳದೆ ಕಟ್ಟಬೇಡಿ. ಹಾಸಿಗೆಯಿಂದ ಕುರ್ಚಿಗೆ ದಾಟಿಸುವ ಕ್ರಮ ಇದು: ಕುರ್ಚಿಯನ್ನು ಗಟ್ಟಿ ಬದಿಗೆ, ಮಂಚಕ್ಕೆ ಸ್ವಲ್ಪ ಓರೆಯಾಗಿ ನಿಲ್ಲಿಸಿ. ಎರಡೂ ಬ್ರೇಕು ಹಾಕಿ, ಕಾಲಿನ ತಟ್ಟೆ ಸರಿಸಿ. ರೋಗಿ ಅಂಚಿನವರೆಗೆ ಸರಿಯಲಿ, ಪಾದ ಮೊಣಕಾಲಿಗಿಂತ ಹಿಂದಕ್ಕೆ ಇರಲಿ. ಅವರ ಸೋತ ಮೊಣಕಾಲಿಗೆ ನಿಮ್ಮ ಮೊಣಕಾಲು ಆನಿಸಿ. ಬೆಲ್ಟಿನ ಹಿಂದಿನ ಹಿಡಿಕೆ ಹಿಡಿದು "ಮುಂದಕ್ಕ ಬಗ್ರಿ, ಒಂದು, ಎರಡು, ಏಳ್ರಿ" ಎನ್ನಿ. ಮೂಗು ಪಾದದ ಬೆರಳಿನ ನೇರಕ್ಕೆ ಬಂದರೆ ಟೊಂಕ ತಾನಾಗಿ ಹಗುರಾಗಿ ಮೇಲೇಳುತ್ತದೆ. ನಿಮ್ಮ ಕೊರಳಿಗೆ ಕೈ ಹಾಕಿ ಜೋತುಬೀಳಲು ಬಿಡಬೇಡಿ, ಸೋತ ಕೈ ಹಿಡಿದು ಎಳೆಯಲೇಬೇಡಿ. ಪ್ರತಿಸಲ ಅದೇ ಮಾತು, ಅದೇ ಕ್ರಮ. ನೆನಪು ಮಂಕಾದವರಿಗೆ ಆ ಮಾತಿನ ಲಯವೇ ದಾರಿ ತೋರಿಸುತ್ತದೆ.

ವಾಕರ್ ಬೇಡ, ಒಂದು ಕೈ ಸೋತಿದ್ದರಂತೂ ಬೇಡವೇ ಬೇಡ. ಅದನ್ನು ಎತ್ತಿಡಲು ಎರಡೂ ಕೈ ಬೇಕು. ನಾಲ್ಕು ಕಾಲಿನ ಬೆತ್ತ ತಗೊಳ್ಳಿ, ಗಟ್ಟಿ ಕೈಯಲ್ಲಿ ಹಿಡಿಯಲಿ, ಬುಡದ ಚಪ್ಪಟೆ ಬದಿ ಮೈಕಡೆ ಇರಲಿ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಹಿಡಿಕೆ ಬರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ರಬ್ಬರ್ ಬುಡ ಸವೆದು ನುಣ್ಣಗಾದರೆ ಬಚ್ಚಲ ಕಲ್ಲಿನ ಮೇಲೆ ಬೆತ್ತವೇ ಬೀಳಿಸುತ್ತದೆ. ಹೆಚ್ಚಿಗೆ ಒಂದು ಜೊತೆ ಬುಡ ತಂದಿಡಿ.

ಪಾದ ಜೋತುಬಿದ್ದವರಿಗೆ ಪಾದವನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ಕಿನ ಎಎಫ್‌ಓ ಪಟ್ಟಿ ಕೊಡುತ್ತಾರೆ. ಸಿದ್ಧವಾಗಿ ಸಿಗುವುದಕ್ಕಿಂತ ಕಾಲಿನ ಅಚ್ಚು ತೆಗೆದು ಮಾಡಿಸಿದ್ದು ಒಳ್ಳೆಯದು. ಕಾಲುಚೀಲ ಹಾಕಿ ಮೊದಲ ದಿನ ಒಂದು ತಾಸು ತೊಡಿಸಿ, ಬಿಚ್ಚಿ ನೋಡಿ. ಕೆಂಪು ಗುರುತು ಅರ್ಧ ತಾಸಾದರೂ ಹೋಗದಿದ್ದರೆ ಅಲ್ಲಿ ಒತ್ತುತ್ತಿದೆ, ತಿದ್ದಿಸಬೇಕು. ನಮ್ಮ ಮನೆಗಳಲ್ಲಿ ಒಳಗೆ ಚಪ್ಪಲಿ ಹಾಕುವುದಿಲ್ಲ, ಆದ್ದರಿಂದ ಬರಿಗಾಲಿಗೆ ಪಟ್ಟಿ ಕಟ್ಟಿ ನಡೆಸುತ್ತಾರೆ. ನುಣ್ಣಗಿನ ಪ್ಲಾಸ್ಟಿಕ್ಕು ಫರ್ಶಿಯ ಮೇಲೆ ಜಾರುತ್ತದೆ. ಮನೆಯೊಳಗೆ ಮಾತ್ರ ಹಾಕುವ, ಹೊರಗಿನ ಮಣ್ಣು ತಾಗದ ಬೂಟು ಒಂದು ಜೊತೆ ಇಟ್ಟರೆ ಮಡಿಯೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ.

ಕಮೋಡ್ ಕುರ್ಚಿ ಬೇಕೇಬೇಕು. ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊಯ್ದು ಬಳಸುವವರಿದ್ದಾರೆ. ಕೊಯ್ದ ಕಡೆಯಿಂದಲೇ ಬಿರಿದು ಕಾಲು ಅಗಲಿಸಿ ಮುರಿಯುತ್ತದೆ, ಬೇಡ. ಕಬ್ಬಿಣದ ಚೌಕಟ್ಟು, ಎತ್ತರ ಏರಿಳಿಸುವ ಕಾಲು, ಎರಡೂ ಕಡೆ ಕೈದಾಂಡು ಇರುವುದನ್ನು ತಗೊಳ್ಳಿ. ಡಬ್ಬಿ ತೆಗೆದರೆ ಅದನ್ನೇ ದೇಸಿ ಸಂಡಾಸದ ಮೇಲೆ ನಿಲ್ಲಿಸಬಹುದು, ಸ್ನಾನಕ್ಕೂ ಅದೇ ಆಗುತ್ತದೆ. ಬಚ್ಚಲ, ಸಂಡಾಸದ ಒಳಚಿಲಕ ಬಿಚ್ಚಿಸಿಬಿಡಿ. ಒಳಗೆ ಫಿಟ್ಸ್ ಬಂದರೆ ಬಾಗಿಲು ಒಡೆಯುವಷ್ಟು ಹೊತ್ತಿರುವುದಿಲ್ಲ. ಹಂಡೆಯ ನೀರು ಬೆರೆಸಿ ನೋಡಬೇಕಾದ್ದು ನಿಮ್ಮ ಕೈ. ಸೋತ ಕೈಗೆ ಸುಡುವುದು ತಿಳಿಯದಿರಬಹುದು.

ಫಿಟ್ಸ್ ಬಂದಾಗ ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ ಬೇಡ, ಕೈಗೆ ಕಬ್ಬಿಣ ಬೇಡ, ನೀರು ಬೇಡ. 5 ನಿಮಿಷ ದಾಟಿದರೆ, ಅಥವಾ ಒಂದು ನಿಂತು ಎಚ್ಚರವಾಗುವ ಮುಂಚೆ ಇನ್ನೊಂದು ಬಂದರೆ 108. ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ಮನೆಯಲ್ಲಿ ಇಡಬೇಕೇ, ಎಷ್ಟು ಹೊಡೆಯಬೇಕು ಎಂದು ಡಿಸ್ಚಾರ್ಜ್ ಆಗುವಾಗಲೇ ಕೇಳಿ ಬರೆಸಿಕೊಳ್ಳಿ. ಇಟ್ಟರೆ ಅದು ಕಪಾಟಿನಲ್ಲಲ್ಲ, ಮಂಚದ ತಲೆಗೆ ಕಟ್ಟಿದ ಚೀಲದಲ್ಲಿರಲಿ.

ಮಾತ್ರೆ ಡಬ್ಬಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ತಪ್ಪು ಹೆಚ್ಚಾಗುವುದು ಇಲ್ಲೇ. ವಾರದ ಏಳು ಸಾಲು, ದಿನಕ್ಕೆ ನಾಲ್ಕು ಮನೆ ಇರುವ 28 ಮನೆಯ ಡಬ್ಬಿ ಚಲೋ. ಮುಚ್ಚಳದ ಮೇಲಿನ ಇಂಗ್ಲಿಷ್ ಅಕ್ಷರದ ಮೇಲೆ ಬಿಳಿ ಟೇಪು ಹಚ್ಚಿ ಸೋಮ, ಮಂಗಳ ಎಂದು ಬರೆಯಿರಿ. ಲೆವೆಟಿರಾಸಿಟಾಮ್‌ನಂಥ ಫಿಟ್ಸ್ ಮಾತ್ರೆ, ಡೆಕ್ಸಾಮೆಥಾಸೋನ್, ಹೊಟ್ಟೆಯ ಮಾತ್ರೆ ಇದರಲ್ಲಿರಲಿ. ಡೆಕ್ಸಾಮೆಥಾಸೋನ್ ಎರಡು ಹೊತ್ತು ಬರೆದಿದ್ದರೆ ಎರಡನೆಯದನ್ನು ಮಧ್ಯಾಹ್ನದ ಊಟಕ್ಕೇ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ. ರಾತ್ರಿ ಕೊಟ್ಟರೆ ನಿದ್ದೆ ಹಾರಿಹೋಗುತ್ತದೆ, ಅವರದೂ ನಿಮ್ಮದೂ. ಯಾವ ಕಾರಣಕ್ಕೂ ಅದನ್ನು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ.

ಟೆಮೊಜೊಲೊಮೈಡ್ ಕ್ಯಾಪ್ಸೂಲ್ ಮಾತ್ರ ಈ ಡಬ್ಬಿಗೆ ಬೀಳಬಾರದು. ಅದು ಕೀಮೋ ಔಷಧ, ಮೂಲ ಪ್ಯಾಕಿನಲ್ಲೇ, ಬೇರೆ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇರಬೇಕು. ಬರಿಗೈಲಿ ಮುಟ್ಟದೆ ಗ್ಲೌಸ್ ಹಾಕಿ ಕೊಡಿ, ಮನೆಯಲ್ಲಿ ಬಸುರಿ ಇದ್ದರೆ ಅವರು ದೂರವೇ ಇರಲಿ. ನುಂಗಲು ಕಷ್ಟವೆಂದು ಬಿಚ್ಚಿ ನೀರಿಗೆ ಹಾಕುವಂತಿಲ್ಲ. ಗ್ಲಿಯೊಬ್ಲಾಸ್ಟೋಮ ಎಂಬ ಉಗ್ರ ಮಿದುಳು ಕ್ಯಾನ್ಸರಿಗೆ ಸಾಮಾನ್ಯವಾಗಿ ನಡೆಯುವ ಕ್ರಮ ಒಟ್ಟು 60 ಗ್ರೇ (ಅದು ರೇಡಿಯೇಷನ್ ಅಳೆಯುವ ಮಾನ) ರೇಡಿಯೇಷನ್, 30 ಸಲ, ವಾರಕ್ಕೆ ಐದು ದಿನದಂತೆ ಆರು ವಾರ. ಆ ಆರು ವಾರವೂ ರಜೆಯ ದಿನ ಬಿಡದೆ ದಿನಾ ಕಡಿಮೆ ಪ್ರಮಾಣದ ಕ್ಯಾಪ್ಸೂಲ್, ಮೈಯ ಮೇಲ್ಮೈ ಲೆಕ್ಕದಲ್ಲಿ ಚದರ ಮೀಟರಿಗೆ 75 ಮಿ.ಗ್ರಾಂ. ಆಮೇಲೆ ಸುಮಾರು ನಾಲ್ಕು ವಾರ ಬಿಡುವು. ಅದಾದ ಮೇಲೆ 28 ದಿನಕ್ಕೊಮ್ಮೆ ಐದೇ ದಿನ, ಆದರೆ 150ರಿಂದ 200 ಮಿ.ಗ್ರಾಂ ಲೆಕ್ಕ. ಮೈಯ ಮೇಲ್ಮೈ 1.6 ಚದರ ಮೀಟರ್ ಇದ್ದವರಿಗೆ ಮೊದಲ ಹಂತದಲ್ಲಿ ದಿನಕ್ಕೆ 120 ಮಿ.ಗ್ರಾಂ, ಅಂದರೆ 100ರದ್ದು ಒಂದು, 20ರದ್ದು ಒಂದು. ಎರಡನೇ ಹಂತದ ಮೊದಲ ಸುತ್ತಿಗೆ 240, ಅಂದರೆ 100ರದ್ದು ಎರಡು, 20ರದ್ದು ಎರಡು. ಐದು ದಿನಕ್ಕೆಂದು ಬರೆದ ದೊಡ್ಡ ಪ್ರಮಾಣವನ್ನು ಹಳೆಯ ರೂಢಿಯಂತೆ ದಿನಾ ಕೊಟ್ಟರೆ ರಕ್ತದ ಕಣಗಳು ಕುಸಿದು ಜೀವಕ್ಕೇ ಬರುತ್ತದೆ. ಕ್ಯಾಲೆಂಡರಿನಲ್ಲಿ ಆ ಐದು ದಿನಕ್ಕೆ ಕೆಂಪು ಸುತ್ತು ಹಾಕಿ, ಕೊಟ್ಟ ಕೂಡಲೇ ಅಡ್ಡಗೆರೆ ಎಳೆಯಿರಿ. ವಾಂತಿ ತಡೆಯುವ ಮಾತ್ರೆ ಅರ್ಧದಿಂದ ಒಂದು ತಾಸು ಮೊದಲು, ಕ್ಯಾಪ್ಸೂಲ್ ಖಾಲಿ ಹೊಟ್ಟೆಗೆ. ನುಂಗಿದ ಮೇಲೆ ವಾಂತಿಯಾದರೆ ಇನ್ನೊಂದು ಕೊಡಬೇಡಿ, ಫೋನ್ ಮಾಡಿ ಕೇಳಿ.

ಇದರ ಜೊತೆಗೆ ಎರಡು ಸಣ್ಣ ಯಂತ್ರ ಕೊಳ್ಳಬೇಕು. ಡಿಜಿಟಲ್ ಥರ್ಮಾಮೀಟರ್: ಕೀಮೋ ನಡೆಯುವಾಗ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿಸಿ ನಾಳೆ ನೋಡೋಣ ಎನ್ನದೆ ಆಗಲೇ ಆಸ್ಪತ್ರೆ. ಗ್ಲುಕೋಮೀಟರ್: ಸಕ್ಕರೆ ರೋಗ ಇಲ್ಲದವರಿಗೂ ಡೆಕ್ಸಾಮೆಥಾಸೋನ್ ಸಕ್ಕರೆ ಏರಿಸುತ್ತದೆ, ಬೆಳಿಗ್ಗೆಯ ಮಾತ್ರೆಯ ಪರಿಣಾಮ ಮಧ್ಯಾಹ್ನದಿಂದ ಸಂಜೆಗೆ ಹೆಚ್ಚು. ಮುಂಜಾನೆ ಬರಿಹೊಟ್ಟೆಯಲ್ಲಿ ಮಾತ್ರ ನೋಡಿದರೆ ಎಲ್ಲ ಸರಿ ಇದೆ ಎಂದೇ ತೋರಿಸುತ್ತದೆ.

ನುಂಗಲು ತೊಂದರೆ ಇದ್ದವರಿಗೆ ನೀರು ಗಟ್ಟಿ ಮಾಡುವ ಪುಡಿ ಮಾರುತ್ತಾರೆ. ಸ್ಪೀಚ್ ಥೆರಪಿಯವರು ನುಂಗಿಸಿ ನೋಡಿ ಎಷ್ಟು ಗಟ್ಟಿ ಎಂದು ಹೇಳಿದ ಮೇಲೆಯೇ ತಗೊಳ್ಳಿ. ನಮ್ಮ ಕಡೆಯ ಊಟದಲ್ಲಿ ಬಹಳ ಅಪಾಯದ್ದು ಕಟಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ಅದರ ಪುಡಿ ಗಂಟಲಲ್ಲಿ ಚದುರಿ ಶ್ವಾಸನಾಳಕ್ಕೆ ಇಳಿಯುತ್ತದೆ. ತೆಳ್ಳನೆ ಬ್ಯಾಳಿಯಲ್ಲಿ ರೊಟ್ಟಿ ಚೂರು ತೇಲಿಸಿ ಕೊಡುವುದೂ ಸರಿಯಲ್ಲ, ನೀರು ಒಂದು ಕಡೆ, ಚೂರು ಒಂದು ಕಡೆ ಹೋಗುತ್ತದೆ. ಜೋಳದ ನುಚ್ಚು ಚೆನ್ನಾಗಿ ಬೇಯಿಸಿ ಗಟ್ಟಿ ಮೊಸರಲ್ಲಿ ಕಿವುಚಿದ್ದು ಬಹಳ ಜನರಿಗೆ ಒಗ್ಗುತ್ತದೆ. ನೆಟ್ಟಗೆ ಕೂರಿಸಿ, ಗದ್ದ ತಗ್ಗಿಸಿ ನುಂಗಲು ಸ್ಪೀಚ್ ಥೆರಪಿಯವರು ಹೇಳಿಕೊಟ್ಟಿದ್ದರೆ ಹಾಗೇ ಮಾಡಿಸಿ, ಉಂಡ ಮೇಲೆ ಅರ್ಧ ತಾಸು ಮಲಗಿಸಬೇಡಿ. ಸೋತ ಕೆನ್ನೆಯ ಒಳಗೆ ತುತ್ತು ಉಳಿದಿರುತ್ತದೆ, ಬಟ್ಟೆ ಸುತ್ತಿದ ಚಮಚದಿಂದ ತೆಗೆಯಿರಿ.

ಕಂಪನದ ಮಸಾಜ್ ಯಂತ್ರ, ಕರೆಂಟು ಕೊಡುವ ಪಟ್ಟಿ, ಭುಜಕ್ಕೆ ಹಗ್ಗದ ರಾಟೆ ಈ ಮೂರನ್ನೂ ಅಂಗಡಿಯವರು ಎಷ್ಟೇ ಹೊಗಳಿದರೂ ಬಿಡಿ. ಈ ರೋಗಿಗಳಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಂಭವ ಹೆಚ್ಚು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ತಿಕ್ಕುವುದಲ್ಲ, ಅವತ್ತೇ ತೋರಿಸಬೇಕು. ರಾಟೆ ಸೋತ ಭುಜವನ್ನು ಅದರ ಮಿತಿ ಮೀರಿ ಎಳೆದು ಕೀಲು ನೋಯಿಸುತ್ತದೆ.

ಮನೆಗೆ ಬರುವ ಫಿಸಿಯೋಥೆರಪಿ ಸೇವೆಯನ್ನು ಅಳೆಯುವುದು ಸುಲಭ. ಮೊದಲ ವಾರದಲ್ಲಿ ಅವರು ನಿಮಗೆ ಏನು ಕಲಿಸಿದರು? ಮುಕ್ಕಾಲು ತಾಸು ರೋಗಿಯ ಕೈಕಾಲು ಆಡಿಸಿ ಹೋಗುವವರಿಗಿಂತ, ಅರ್ಧ ತಾಸು ಮಾಡಿಸಿ ಉಳಿದ ಹೊತ್ತು ಹೆಂಡತಿಗೆ ಏಳಿಸುವುದು, ಮಗ್ಗುಲು ಬದಲಿಸುವುದು ಕಲಿಸಿ ಅವರ ಕೈಯಿಂದ ಮಾಡಿಸಿ ನೋಡುವವರು ಉತ್ತಮ. ಸೋತ ತೋಳನ್ನು ಮೊದಲು ತೊಡಿಸುವುದು, ಗಟ್ಟಿ ತೋಳನ್ನು ಮೊದಲು ಬಿಚ್ಚುವುದು ಎಂಬ ಅಂಗಿಯ ಪಾಠವನ್ನೂ ಅವರೇ ಹೇಳಿಕೊಡಬೇಕು. ರೇಡಿಯೇಷನ್ ನಡೆಯುವ ದಿನ ದಣಿದವರಿಂದ ಬಲವಂತಕ್ಕೆ ವ್ಯಾಯಾಮ ಮಾಡಿಸುವವರನ್ನು ಬದಲಿಸಿ. ತಲೆಯ ಸುಟ್ಟ ತೊಗಲಿಗೆ ಎಣ್ಣೆ ತಿಕ್ಕಲು, ಅರಿಷಿಣ ಹಚ್ಚಲು ಯಾರು ಹೇಳಿದರೂ ಬೇಡ. ಮೆತ್ತನೆ ಹತ್ತಿ ಬಟ್ಟೆ ಸಾಕು.

ಬಾಗಲಕೋಟೆಯಿಂದಲೋ ವಿಜಯಪುರದಿಂದಲೋ ಬೆಳಗಾವಿಗೆ 30 ಸಲ ಓಡಾಡಿಸುವ ಯೋಚನೆ ಬಿಡಿ. ಪ್ರತಿಸಲದ ರೇಡಿಯೇಷನ್ ಕೆಲವೇ ನಿಮಿಷದ್ದು, ದಾರಿ ತಾಸುಗಟ್ಟಲೆ. ಆರು ವಾರಕ್ಕೆ ಆಸ್ಪತ್ರೆ ಹತ್ತಿರ ಕೋಣೆ ಹಿಡಿಯುವುದಾದರೆ ನೆಲಮಹಡಿ, ಕುಕ್ಕರಿಡಲು ಜಾಗ, ಕಮೋಡ್ ಕುರ್ಚಿ ಹಿಡಿಸುವ ಸಂಡಾಸ ಇವಿಷ್ಟು ನೋಡಿ, ಟಿವಿ ಇಲ್ಲದಿದ್ದರೂ ಆದೀತು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಚಿಕಿತ್ಸೆ ಶುರುವಾಗುವ ಮುಂಚೆಯೇ ಮಾಡಿಸಿ. ಬೆಂಗಳೂರಿಗೋ ಮುಂಬೈಗೋ ಹೋಗಬೇಕಾದರೆ ಆಸ್ಪತ್ರೆಯವರು ತುಂಬಿಕೊಟ್ಟ ಫಾರಂ ಮೇಲೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ರೈಲು ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ 75 ಪರ್ಸೆಂಟ್ ರಿಯಾಯಿತಿ.

ಮಾತು ಹೋದವರಿಗೆಂದು ಚಿತ್ರದ ಫಲಕ ಮಾರುತ್ತಾರೆ, ಹೆಚ್ಚಿನವು ಇಂಗ್ಲಿಷ್, ಹಿಂದಿ. ಕೊಳ್ಳಬೇಡಿ, ಮನೆಯಲ್ಲೇ ಮಾಡಿ. ರಟ್ಟಿನ ಮೇಲೆ ಒಂಬತ್ತು ಮನೆ: ನೀರು, ಊಟ, ಸಂಡಾಸ, ನೋವು, ಚಳಿ, ಸೆಕೆ, ಮಗ್ಗುಲು, ಸಾಕು, ನೀನು ಇಲ್ಲೇ ಕೂಡು. ನಿಮ್ಮ ಮನೆಯದೇ ತಂಬಿಗೆಯ, ನಿಮ್ಮ ಮನೆಯದೇ ಹಾಸಿಗೆಯ ಫೋಟೋ ಅಂಟಿಸಿ. ಒಂದು ಬದಿ ಕಾಣದವರಾದರೆ ಕಾಣುವ ಬದಿಗೆ ಹಿಡಿಯಿರಿ. ಮಾತು ಹೋಯಿತೆಂದರೆ ಬುದ್ಧಿ ಹೋಯಿತೆಂದಲ್ಲ, ಅವರ ಮುಂದೆ ಅವರ ಬಗ್ಗೆ ಆಡುವ ಮಾತೆಲ್ಲ ಅವರಿಗೆ ತಿಳಿಯುತ್ತಿರಬಹುದು. ಶಾಂತವಾಗಿದ್ದ ಯಜಮಾನರು ಒಮ್ಮೆಲೇ ಬೈಯಲು, ಸಿಡುಕಲು ಹತ್ತಿದರೆ ಅದು ಗಡ್ಡೆಯಿಂದಿರಬಹುದು, ಸ್ಟಿರಾಯ್ಡಿನಿಂದಿರಬಹುದು, ಲೆವೆಟಿರಾಸಿಟಾಮ್ ಮಾತ್ರೆಯಿಂದಲೂ ಇರಬಹುದು. ಯಾವ ದಿನ ಶುರುವಾಯಿತೆಂದು ಬರೆದಿಟ್ಟು ಡಾಕ್ಟರಿಗೆ ತೋರಿಸಿ, ಔಷಧ ಬದಲಿಸಿದರೆ ತಗ್ಗುವುದುಂಟು. ಆರೈಕೆ ಮಾಡುವವರಿಗೇ ತಡೆಯಲಾಗದಂತಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೊನೆಗೆ ಬಾಡಿಗೆಯ ಕರಾರು. ಸಾಮಾನಿನ ಬೆಲೆಯನ್ನು ತಿಂಗಳ ಬಾಡಿಗೆಯಿಂದ ಭಾಗಿಸಿ ನೋಡಿ. ಬಂದ ಸಂಖ್ಯೆ ನೀವು ಅಂದುಕೊಂಡ ತಿಂಗಳುಗಳಿಗಿಂತ ಕಡಿಮೆಯಾದರೆ ಕೊಳ್ಳುವುದೇ ವಾಸಿ. ಬೆಲ್ಟು, ಬೆತ್ತ, ಮಾತ್ರೆ ಡಬ್ಬಿ ಕೊಳ್ಳಿ. ಮಂಚ, ಗಾಳಿ ಹಾಸಿಗೆ, ಗಾಲಿಕುರ್ಚಿ ಬಾಡಿಗೆಗೆ ತನ್ನಿ. ಠೇವಣಿಯ ರಸೀದಿಯ ಹಿಂದೆ ಹಳೆಯ ಗೀರು, ಮುರುಕು ಎಲ್ಲ ಬರೆಸಿ ಫೋಟೋ ತೆಗೆದುಕೊಳ್ಳಿ. ರಾತ್ರಿ ಪಂಪು ಕೆಟ್ಟರೆ ಮರುದಿನ ಎಷ್ಟು ಗಂಟೆಯೊಳಗೆ ಬದಲಿ ಕೊಡುತ್ತಾರೆ, ತಿಂಗಳ ನಡುವೆ ವಾಪಸ್ ಕೊಟ್ಟರೆ ಉಳಿದ ದಿನದ ಹಣ ಬರುತ್ತದೆಯೇ ಎಂದು ಕೇಳಿ. ಇನ್ನೊಂದು ಪ್ರಶ್ನೆ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ, ಅದನ್ನು ಅಣ್ಣನೋ ಮೈದುನನೋ ಬೇರೆ ಕರೆದು ಕೇಳಲಿ: ಬೇಡವಾಯಿತೆಂದು ಫೋನ್ ಮಾಡಿದ ದಿನವೇ ಮಂಚ ಒಯ್ಯುತ್ತೀರಾ? ಗಾಡಿ ಸಿಕ್ಕಾಗ ಬರುತ್ತೇವೆ ಎನ್ನುವ ಅಂಗಡಿ ಬೇಡ. ಪಡಸಾಲೆಯಲ್ಲಿ ಖಾಲಿ ಮಂಚ ಹತ್ತು ದಿನ ನಿಲ್ಲಬಾರದು.